‘ಡ್ರೈ’ ಶಾರ್ಡನೆ ಸಿಹಿ ಅನ್ನಿಸುವುದು ಯಾಕೆ?

ಶಾರ್ಡನೆ ಅಂದರೆ ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್. ಅದರ ಬಗ್ಗೆ ಒಂದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಈ ಸಲ ಅದಕ್ಕೇ ಹೆಚ್ಚು ಜಾಗ. ಉಳಿದವಕ್ಕೆ ಚಿಕ್ಕ ಉತ್ತರ ಸಾಕು.

ಒಂದು ಕುಟುಂಬದ ತೋಟದವರೇ ಮಾಡಿದ ಶಾರ್ಡನೆ ತಂದೆ. ಲೇಬಲ್ ಮೇಲೆ ‘ಡ್ರೈ’ (ಸಿಹಿ ಇಲ್ಲದ್ದು) ಎಂದಿದೆ. ಕುಡಿದರೆ ಬೆಣ್ಣೆ, ವೆನಿಲ್ಲಾ, ಸಿಹಿ. ಸಕ್ಕರೆ, ಎಸೆನ್ಸ್ ಬೆರೆಸಿದ್ದಾರಾ?

ವರ್ಷವಿಡೀ ಬಳ್ಳಿ ನೋಡಿಕೊಂಡವರನ್ನು ಒಂದು ಗುಟುಕಿಗೇ ಮೋಸಗಾರರು ಅನ್ನಬೇಡಿ. ಮೊದಲು ಮೂಗು ಹಿಡಿದುಕೊಂಡು ಇನ್ನೊಂದು ಗುಟುಕು ಕುಡಿಯಿರಿ. ಸಿಹಿ ಮಾಯವಾಯಿತಾ? ಹಾಗಾದರೆ ಅದು ವಾಸನೆ, ಸಕ್ಕರೆಯಲ್ಲ. ವೆನಿಲ್ಲಾ ವಾಸನೆ ಬಂದರೆ ನಾಲಿಗೆಗೂ ಸಿಹಿ ಅನ್ನಿಸುತ್ತದೆ, ಅಷ್ಟೇ. ಯುರೋಪಿನ ನಿಯಮದಲ್ಲಿ ಡ್ರೈ ಅಂದರೆ ಲೀಟರಿಗೆ ಸಾಮಾನ್ಯವಾಗಿ 4 ಗ್ರಾಂ ಒಳಗೆ ಸಕ್ಕರೆ. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಬಿಡುತ್ತಾರೆ.

ಬೆಣ್ಣೆ ಎಲ್ಲಿಂದ ಬಂತು? ದ್ರಾಕ್ಷಿಯಲ್ಲಿ ಮ್ಯಾಲಿಕ್ ಆಮ್ಲ ಇರುತ್ತದೆ. ಹಸಿರು ಸೇಬಿನ ಚುರುಕು ಹುಳಿ ಅದರದ್ದೇ. ಬ್ಯಾಕ್ಟೀರಿಯಾ ಅದನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಅಂದರೆ ಮೊಸರಿನ ಮೆತ್ತನೆಯ ಹುಳಿ. ಈ ಕೆಲಸ ನಡೆಯುವಾಗ ಡೈಅಸಿಟೈಲ್ ಎಂಬ ವಸ್ತುವೂ ಹುಟ್ಟುತ್ತದೆ. ಬೆಣ್ಣೆಯ ಘಮದಲ್ಲೂ ಇರುವುದು ಅದೇ.

ವೆನಿಲ್ಲಾ ಬಂದಿದ್ದು ಓಕ್ ಮರದಿಂದ. ಪೀಪಾಯಿಯ ಒಳಮೈಯನ್ನು ಬೆಂಕಿಗೆ ಹಿಡಿದು ಸುಡುತ್ತಾರೆ. ಮರದಲ್ಲಿರುವ ವೆನಿಲಿನ್ ವೈನಿಗೆ ಇಳಿಯುತ್ತದೆ. ಪೀಪಾಯಿ ಹೊಸದಾದರೆ ಘಮ ಜೋರು, ನಾಲ್ಕೈದು ಸಲ ಬಳಸಿದ್ದಾದರೆ ಹೆಚ್ಚೇನೂ ಬಿಡುವುದಿಲ್ಲ. ಅಗ್ಗದ ವೈನಿಗೆ ಓಕ್ ಚಕ್ಕೆ ಹಾಕುವವರೂ ಇದ್ದಾರೆ. ಯುರೋಪಿನಲ್ಲೂ ಅದಕ್ಕೆ ಅನುಮತಿ ಇದೆ. ನನಗಂತೂ ಅದು ಹಿಡಿಸುವುದಿಲ್ಲ. ಘಮ ಒಂದು ಕಡೆ, ವೈನ್ ಒಂದು ಕಡೆ ಆಗಿಬಿಡುತ್ತದೆ. ಎಸೆನ್ಸ್ ಮಾತು ಬೇರೆ. ಅದನ್ನು ಬೆರೆಸಿ ಬರೀ ‘ವೈನ್’ ಎಂದು ಅಲ್ಲಿ ಮಾರುವ ಹಾಗಿಲ್ಲ.

ಇನ್ನು ಸಕ್ಕರೆ. ತಂಪು ವರ್ಷಗಳಲ್ಲಿ ದ್ರಾಕ್ಷಿ ಸರಿಯಾಗಿ ಮಾಗದಿದ್ದರೆ ಫ್ರಾನ್ಸಿನ ಬರ್ಗಂಡಿ ಪ್ರದೇಶದಲ್ಲಿ ರಸಕ್ಕೆ ಸಕ್ಕರೆ ಹಾಕುವುದುಂಟು. ನಿಯಮದ ಮಿತಿಯಲ್ಲೇ. ಆದರೆ ಅದನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಸಿಹಿ ಉಳಿಯುವುದಿಲ್ಲ, ಕಿಕ್ ಜಾಸ್ತಿಯಾಗುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದರೂ ಬಾಯಿಗೆ ಸ್ವಲ್ಪ ಸಿಹಿ ಅನ್ನಿಸುತ್ತದೆ. ಲೇಬಲ್‌ನಲ್ಲಿ ಶೇ 14 ಇದ್ದರೆ ಇದನ್ನೂ ನೆನಪಿಡಿ.

ಶಾರ್ಡನೆ ಸ್ವಂತ ಘಮ ಕಡಿಮೆ ಇರುವ ದ್ರಾಕ್ಷಿ. ಅದಕ್ಕೇ ನೆಲ, ಹವೆ, ಮಾಡುವವರ ಕೈ ಎಲ್ಲವೂ ಅದರಲ್ಲಿ ಎದ್ದು ಕಾಣುತ್ತವೆ. ನನಗೆ ಅದು ಇಷ್ಟವಾಗುವುದೂ ಇದಕ್ಕೇ. ಬೆಣ್ಣೆ, ವೆನಿಲ್ಲಾ ಬೇಡವಾದರೆ ಫ್ರಾನ್ಸಿನ ಶಾಬ್ಲಿ ಪ್ರದೇಶದ ವೈನ್ ಕುಡಿದು ನೋಡಿ. ಅದೂ ಶಾರ್ಡನೆಯೇ. ಅಲ್ಲಿ ಬಹಳ ಮಂದಿ ಸ್ಟೀಲ್ ಟ್ಯಾಂಕಿನಲ್ಲೇ ಮಾಡುತ್ತಾರೆ. ನಿಂಬೆಯ ಹುಳಿ, ಸುಣ್ಣಕಲ್ಲಿನ ನೆಲ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮಾತ್ರ ಕುಡಿಯಬೇಡಿ. 10ರಿಂದ 13 ಡಿಗ್ರಿಗೆ ಬರಲಿ.

ಬಾಟಲಿಯ ತಳದಲ್ಲಿ ಗಾಜಿನ ಚೂರು?

ಗಾಜಲ್ಲ, ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣದ ಹರಳು. ಮೆಲ್ಲಗೆ ಬಗ್ಗಿಸಿ.

‘ಫ್ಯಾಮಿಲಿ ಎಸ್ಟೇಟ್’ ಅಂದರೆ ಉತ್ತಮ ಅಂತಲೇ?

ಅಲ್ಲ. ಅಮೆರಿಕದ ಬಾಟಲಿಯಾದರೆ ‘ಎಸ್ಟೇಟ್ ಬಾಟಲ್ಡ್’ ಇದೆಯಾ ನೋಡಿ. ಆ ಮಾತಿಗೆ ಕಾನೂನಿನ ಅರ್ಥವಿದೆ. ದ್ರಾಕ್ಷಿ ಬೆಳೆದಿದ್ದೂ ಬಾಟಲಿ ತುಂಬಿದ್ದೂ ಅವರೇ.

ಹತ್ತು ವರ್ಷ ಇಟ್ಟರೆ ರುಚಿ ಹೆಚ್ಚುತ್ತದಾ?

ಹೆಚ್ಚಿನವು ಕೆಡುತ್ತವೆ. ಎರಡು ಮೂರು ವರ್ಷದೊಳಗೆ ಕುಡಿಯಿರಿ.

ವೈನ್ ಕೆಡದಿರಲೆಂದು ಹಾಕುವ ಸಲ್ಫೈಟ್ ಅನ್ನು ತೆಗೆಯುವ ಹನಿ ಹಾಕಿದರೆ ತಲೆನೋವು ಬರುವುದಿಲ್ಲವಂತೆ?

ಸುಮ್ನೆ ದುಡ್ಡು ಕೀಳುವ ಮಾತು. ಯುರೋಪಿನಲ್ಲಿ ಡ್ರೈ ಬಿಳಿ ವೈನಿಗೆ ಲೀಟರಿಗೆ 200 ಮಿಲಿಗ್ರಾಂ, ಕೆಂಪಿಗೆ 150 ಮಿಲಿಗ್ರಾಂ ಸಲ್ಫೈಟ್ ಮಿತಿ. ಆದರೂ ತಲೆನೋವಿಗೆ ಜನ ದೂರುವುದು ಕೆಂಪನ್ನೇ ಅಲ್ವಾ? ನಿಮ್ಮ ತಲೆನೋವಿಗೆ ಮೊದಲು ಆಲ್ಕೋಹಾಲನ್ನೇ ಅನುಮಾನಿಸಿ, ಕಡಿಮೆ ಕುಡಿಯಿರಿ. ಆಸ್ತಮಾ ಇರುವ ಕೆಲವರಿಗೆ ಮಾತ್ರ ಸಲ್ಫೈಟ್ ನಿಜಕ್ಕೂ ಆಗಿಬರುವುದಿಲ್ಲ. ಅಂಥವರು ಹನಿ ನಂಬಿ ಗ್ಲಾಸು ಎತ್ತಬೇಡಿ. ಮೊದಲು ಡಾಕ್ಟರನ್ನು ಕೇಳಿ.