ಲಿನೋ ಅಚ್ಚಿನಲ್ಲಿ ರಾತ್ರಿ ನಗರ: ಕಿಟಕಿ ಏಕೆ ಮುಚ್ಚಿಕೊಳ್ಳುತ್ತದೆ, ಕಪ್ಪು ಏಕೆ ಪೇಲವವಾಗುತ್ತದೆ?

ಅಮೆರಿಕದ ಅಚ್ಚುಚಿತ್ರ ಕಲಾವಿದ ಮಾರ್ಟಿನ್ ಲೂಯಿಸ್ ಅವರ ‘ಗ್ಲೋ ಆಫ್ ದಿ ಸಿಟಿ’ (1929) ನೋಡಿ ಲಿನೋದಲ್ಲಿ, ಅಂದರೆ ಕೊರೆದು ಉಳಿದ ಮೇಲ್ಮೈಗೆ ಇಂಕು ಹಚ್ಚಿ ಅಚ್ಚೊತ್ತುವ ಲಿನೋಲಿಯಂ ಹಾಳೆಯಲ್ಲಿ, ರಾತ್ರಿ ನಗರ ಕೊರೆದಿದ್ದೀರಿ. ಕಿಟಕಿಗಳಿಗೆ ಇಂಕು ತುಂಬಿಕೊಳ್ಳುತ್ತದೆ, ಕಪ್ಪು ಪೇಲವ, ಆ ಬೆಳಕಂತೂ ಬರುವುದೇ ಇಲ್ಲ ಎಂದಿದ್ದೀರಿ. ಬೆಳಕಿನ ವಿಷಯ ಮೊದಲು. ಅದು ಡ್ರೈಪಾಯಿಂಟ್ ಕೃತಿ. ತಾಮ್ರದ ತಗಡನ್ನು ಸೂಜಿಯಿಂದ ಗೀರಿದಾಗ ಗೀರಿನ ಅಂಚಿಗೆ ಎದ್ದ ಲೋಹ ಇಂಕನ್ನು ಹಿಡಿದುಕೊಂಡು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಗೀರು ವಿರಳವಾದಲ್ಲಿ ಬೂದು. ಲಿನೋದಲ್ಲಿ ಇಂಕು ಹತ್ತಿತು ಇಲ್ಲವೇ ಇಲ್ಲ, ಅಷ್ಟೇ. ನಡುವಿನ ಸಮನಾದ ಬೂದು ಬೇಕಾದರೆ ಇನ್ನೊಂದು ಪದರ ಹಾಕಲೇಬೇಕು.

ಅದೇ ಚಿತ್ರದಲ್ಲಿ ಮುಂದಿನ ಹಳೇ ಮನೆಗಳ ಹಿತ್ತಲು ಕತ್ತಲಲ್ಲಿದೆ, ದೂರದ ಚಾನಿನ್ ಎಂಬ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡದ ಸುತ್ತ ಬೆಳಕಿದೆ. ನಗರದ ಆಕಾಶ ಕಟ್ಟಡಗಳಿಗಿಂತ ತಿಳಿಯಾಗಿರಬೇಕು. ಎರಡನ್ನೂ ಕಪ್ಪು ಮಾಡಿದರೆ ಕಟ್ಟಡದ ಅಂಚೇ ಕಾಣದೆ ಬರೀ ಬಿಳಿ ಚುಕ್ಕಿಗಳು ಉಳಿಯುತ್ತವೆ.

ಒಂದೇ ಲಿನೋದಿಂದ ಎರಡು ಸಲ ಮುದ್ರಿಸಿ. ಮೊದಲು ದೀಪಗಳನ್ನೂ ತೀರಾ ಬೆಳಗುವ ಕೆಲವೇ ಕಿಟಕಿಗಳನ್ನೂ ಕೊರೆಯಿರಿ. ಒಂದು ಪಾಲು ಕಪ್ಪು ಇಂಕಿಗೆ ಏಳೆಂಟು ಪಾಲು ಪಾರದರ್ಶಕ ಎಕ್ಸ್‌ಟೆಂಡರ್ (ಇಂಕಿನ ಬಣ್ಣ ತಿಳಿಯಾಗಿಸುವ ಬಣ್ಣವಿಲ್ಲದ ಮಿಶ್ರಣ) ಬೆರೆಸಿ, ಲಿನೋದಷ್ಟೇ ಅಗಲದ ರೋಲರಿನಲ್ಲಿ ಮೇಲೆ ಗಾಢ, ಚಾವಣಿಗಳ ಹತ್ತಿರ ತೆಳು ಆಗುವಂತೆ ಹಚ್ಚಿ. ಬೇಕಾದ್ದಕ್ಕಿಂತ ಐದಾರು ಹಾಳೆ ಹೆಚ್ಚಿಗೆ ಮುದ್ರಿಸಿಟ್ಟುಕೊಳ್ಳಿ, ಮುಂದಿನ ಕೊರೆತದ ನಂತರ ಈ ಪದರ ಮತ್ತೆ ಸಿಗುವುದಿಲ್ಲ. ಆಮೇಲೆ ಇಡೀ ಆಕಾಶವನ್ನೂ ಮಂದ ಬೆಳಕಿನ ಕಿಟಕಿಗಳನ್ನೂ ಕೊರೆದು ತೆಗೆದು, ಉಳಿದ ಕಟ್ಟಡಗಳನ್ನು ಅಪ್ಪಟ ಕಪ್ಪಿನಲ್ಲಿ ಮುದ್ರಿಸಿ. ಹೆಚ್ಚಿನ ಕಿಟಕಿಗಳು ಬೂದು, ಅಲ್ಲೊಂದು ಇಲ್ಲೊಂದು ಬಿಳಿ: ಆ ಬೆಳಕು ಹುಟ್ಟುವುದೇ ಹೀಗೆ. ಮೊದಲ ಪದರ ಮುಟ್ಟಿದರೆ ಅಂಟದಷ್ಟು ಒಣಗಿರಲಿ. ಹಸಿಯಿದ್ದರೆ ಕಪ್ಪು ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಎಣ್ಣೆ ಇಂಕಿಗೆ ಹಲವು ದಿನ ಹಿಡಿಯುತ್ತದೆ.

ಕಿಟಕಿ ಮುಚ್ಚುವುದಕ್ಕೆ ಸಾಮಾನ್ಯವಾಗಿ ಇಂಕು ಹೆಚ್ಚಾದದ್ದೇ ಕಾರಣ. ರೋಲರ್ ಉರುಳುವಾಗ ಸಣ್ಣಗೆ ಸರಸರ ಸದ್ದು ಬರಬೇಕು. ಚಟಚಟ ಅಂದರೆ ಇಂಕು ದಪ್ಪವಾಗಿದೆ. ಕಿಟಕಿ ಒಂದೂವರೆ ಮಿಲಿಮೀಟರಿಗಿಂತ ಸಣ್ಣದು ಬೇಡ, ಸುಮಾರು ಒಂದು ಮಿಲಿಮೀಟರ್ ಆಳ ಸಾಕು. ಕೊರೆದ ಕುಳಿಯ ಗೋಡೆ ಹೊರಕ್ಕೆ ಇಳಿಜಾರಾಗಿರಲಿ. ಉಳಿ ಕಿಟಕಿಯ ಅಂಚಿನ ಅಡಿಗೆ ಹೊಕ್ಕರೆ ಎರಡು ಕಿಟಕಿಗಳ ನಡುವಿನ ದಂಡೆ ಕುಸಿಯುತ್ತದೆ. ತುಂಬಿಕೊಂಡಿದ್ದನ್ನು ಹಲ್ಲುಕಡ್ಡಿಯಿಂದ ತೆಗೆದು, ರದ್ದಿ ಹಾಳೆಯ ಮೇಲೆ ಒಮ್ಮೆ ಅಚ್ಚೊತ್ತಿ ಮುಂದುವರಿಯಿರಿ.

ಪೇಲವ ಕಪ್ಪಿಗೆ ಮದ್ದು ಇಂಕನ್ನು ದಪ್ಪಗೆ ಬಳಿಯುವುದಲ್ಲ, ತೆಳುವಾಗಿ ಎರಡು ಮೂರು ಸಲ ಹಚ್ಚುವುದು. ಪ್ರೆಸ್ ಇಲ್ಲದೆ ಚಮಚದ ಬೆನ್ನಿನಿಂದ ಉಜ್ಜುವವರು 300 ಜಿಎಸ್ಎಂನಂಥ ದಪ್ಪ ಹಾಳೆಯ ಗೊಡವೆಗೆ ಹೋಗಬೇಡಿ. ತೆಳ್ಳಗಿನ ನೇಪಾಳಿ ಅಥವಾ ಜಪಾನಿ ಕಾಗದ ಚೆನ್ನಾಗಿ ಇಂಕು ಎಳೆದುಕೊಳ್ಳುತ್ತದೆ. ಆದರೂ ಬಿಳಿ ಚುಕ್ಕಿ ಬಂದರೆ, ಮುಂದಿನ ಸಲ ಕೊರೆಯುವ ಮೊದಲೇ ಲಿನೋವನ್ನು 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ ಒರೆಸಿಕೊಳ್ಳಿ.

ಗುರುತಿರುವ ನಗರವಾದರೆ ಟ್ರೇಸಿಂಗ್ ಹಾಳೆಯನ್ನು ಮಗುಚಿ ಲಿನೋಗೆ ಇಳಿಸಿ, ಇಲ್ಲದಿದ್ದರೆ ಅಚ್ಚಿನಲ್ಲಿ ಎಡದ ಕಟ್ಟಡ ಬಲಕ್ಕೆ ಬರುತ್ತದೆ.