ಪರೀಕ್ಷೆಯ ದಿನ ಊರಿಗೆಲ್ಲ ಗೊತ್ತಿತ್ತು

ಮದುವೆಯಾಗಿ ಆರು ವರ್ಷವಾದ ದಂಪತಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಐವಿಎಫ್‌ನ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ) ಮೊದಲ ಪ್ರಯತ್ನ ಕೈಗೂಡದೆ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಚಿಕಿತ್ಸೆಯ ವಿಷಯವನ್ನು ಯಾರಿಗೆಲ್ಲ ಹೇಳಿದ್ದು ಅಂತ ಇಬ್ಬರಿಗೂ ಜಗಳ.

ಐವಿಎಫ್‌ನಲ್ಲಿ ಹತ್ತು-ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಇರುತ್ತದೆ. ಅವನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇಟ್ಟಿದ್ದರು. ಅತ್ತೆ ನೋಡಿ ಕೇಳಿದರು, ಮಗ ಹೇಳಿಬಿಟ್ಟರು. ಅತ್ತೆ ಹರಕೆ ಹೊತ್ತರು, ಆಸೆಯಿಂದ ನೆಂಟರಿಗೂ ಹೇಳಿದರು. ಭ್ರೂಣವನ್ನು ಗರ್ಭಕ್ಕೆ ಸೇರಿಸಿ ಸುಮಾರು ಎರಡು ವಾರಕ್ಕೆ ರಕ್ತಪರೀಕ್ಷೆ. ಆ ದಿನ ಬೆಳಗ್ಗೆಯಿಂದಲೇ ಫೋನು: ‘ಏನಮ್ಮಾ, ವಿಶೇಷನಾ?’

‘ಅಳೋಕೂ ಪುರುಸೊತ್ತಿರಲಿಲ್ಲ ಮೇಡಂ. ಎಲ್ಲರಿಗೂ ನಾನೇ ಸಮಾಧಾನ ಹೇಳ್ತಾ ಕೂತಿದ್ದೆ’ ಅಂದರು ಆಕೆ. ಗಂಡನದು ಒಂದೇ ಮಾತು: ‘ಮುಚ್ಚಿಡೋಕೆ ನಾವೇನು ಕಳ್ಳತನ ಮಾಡಿದ್ವಾ?’

ತಪ್ಪು ಮಾಡಿದವರು ಮಾತ್ರ ಮುಚ್ಚಿಡುತ್ತಾರೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆಕೆ ಕೇಳಿದ್ದು ಇಷ್ಟೇ: ಸುದ್ದಿ ಒಳ್ಳೆಯದಿರಲಿ ಕೆಟ್ಟದಿರಲಿ, ಮೊದಲು ಅದನ್ನು ತಾವಿಬ್ಬರೇ ಅರಗಿಸಿಕೊಳ್ಳಲು ಒಂದಿಷ್ಟು ಹೊತ್ತು. ಇದು ಅತಿಯಾಸೆ ಅಲ್ವೇ ಅಲ್ಲ. ದಂಪತಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕು ಅಂತ 2021ರ ಐವಿಎಫ್ ಸಂಬಂಧಿತ ಕೇಂದ್ರ ಕಾಯ್ದೆ ಕ್ಲಿನಿಕ್‌ಗಳಿಗೆ ಹೇಳುತ್ತದೆ. ಮನೆಯವರಿಗೆ ಹಾಗೆ ಹೇಳುವ ಕಾಯ್ದೆ ಯಾವುದೂ ಇಲ್ಲ, ಅದನ್ನು ಗಂಡನೇ ಹೇಳಬೇಕು.

ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ವೀರ್ಯಾಣು ಕಡಿಮೆ ಅಂತ ಬಂದದ್ದು ಗಂಡನ ರಿಪೋರ್ಟಿನಲ್ಲಿ. ಅದೊಂದನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ. ನೆಂಟರ ಕಣ್ಣಿಗೆ ದೋಷವೆಲ್ಲ ಹೆಂಡತಿಯದೇ. ನಾನು ನೇರವಾಗಿಯೇ ಹೇಳಿದೆ: ‘ನಿಮ್ಮ ರಿಪೋರ್ಟ್ ನಿಮ್ಮದು, ಯಾರಿಗೂ ತೋರಿಸಬೇಕಿಲ್ಲ. ಆದರೆ ನೀವು ಸುಮ್ಮನಿದ್ದದ್ದಕ್ಕೆ ನಿಮ್ಮ ಹೆಂಡತಿ ಚುಚ್ಚುಮಾತು ಕೇಳುವಂತಾಗಬಾರದು.’ ಗಂಡ ತುಂಬಾ ಹೊತ್ತು ತಲೆ ಎತ್ತಲಿಲ್ಲ.

ಮುಂದಿನ ಸಲದ ಪರೀಕ್ಷೆಯ ದಿನಾಂಕ ಇಬ್ಬರಲ್ಲೇ ಇರಲಿ ಎಂದೆ. ಯಾರೇ ಕೇಳಿದರೂ ಗಂಡನೇ ಉತ್ತರಿಸಬೇಕು: ‘ಇದು ನಮ್ಮಿಬ್ಬರ ವಿಷಯ, ಅವಳನ್ನ ಕೇಳ್ಬೇಡಿ.’ ಹಾಗಂತ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೂ ಬೇಡ, ಅದರಿಂದ ಸಂಕಟ ಜಾಸ್ತಿಯೇ ಆಗುತ್ತದೆ. ಮನಸ್ಸು ಬಿಚ್ಚಿ ಮಾತಾಡಲು ಒಬ್ಬೊಬ್ಬರನ್ನು ಆರಿಸಿಕೊಳ್ಳಿ, ಅದು ಯಾರು ಅಂತ ಪರಸ್ಪರ ಮೊದಲೇ ತಿಳಿಸಿ. ಡಾಕ್ಟರ ಹತ್ತಿರ ಮಾತ್ರ ಏನೂ ಮುಚ್ಚಿಡಬೇಡಿ.

ಆಕೆ ಅಕ್ಕನನ್ನು ಆರಿಸಿಕೊಂಡರು. ಅತ್ತೆಗೂ ತಾವೇ ಹೇಳಿದರಂತೆ: ‘ಅತ್ತೆ, ಹೇಳೋ ಹೊತ್ತಿಗೆ ನಾನೇ ಬಂದು ಹೇಳ್ತೀನಿ, ಅಲ್ಲೀವರೆಗೆ ಕೇಳ್ಬೇಡಿ.’ ಅತ್ತೆ ಸ್ವಲ್ಪ ಮುನಿಸಿಕೊಂಡರು, ಆದರೆ ಒಪ್ಪಿದರು. ಗಂಡ ಇನ್ನೂ ಯಾರನ್ನೂ ಆರಿಸಿಕೊಂಡಿಲ್ಲ. ಮುಂದಿನ ಭೇಟಿಗೆ ಅವರೊಬ್ಬರೇ ಬರಲಿ ಎಂದಿದ್ದೇನೆ.