ಓದುಗರ ಪ್ರಶ್ನೆಗೆ ಉತ್ತರ: ಯಂತ್ರದ ಮುಂದೆ ನಿಂತವರ ಪತ್ರಗಳು

ಈ ತಿಂಗಳು ಬಂದ ಪತ್ರಗಳ ಕಟ್ಟು ಬಿಚ್ಚಿದಾಗ ಗಮನಕ್ಕೆ ಬಂದ ಸಂಗತಿಯೆಂದರೆ, ಕೇಳಿರುವ ವಿಷಯ ಯಾವುದೇ ಇರಲಿ, ಹೆಚ್ಚಿನವರು ಯಾವುದೋ ಒಂದು ಯಂತ್ರದ ಮುಂದೆ ನಿಂತು, ಅಲ್ಲಿ ಉತ್ತರ ಸಿಗದೆ, ಮನೆಗೆ ಬಂದು ನಮಗೆ ಬರೆದಿದ್ದಾರೆ. ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೋರಿದ್ದರಿಂದ ಎಲ್ಲರದ್ದೂ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಯವರ ಗೃಹಲಕ್ಷ್ಮಿ ಅರ್ಜಿ ಮಂಜೂರಾಗಿದೆ ಎಂದು ಅರ್ಜಿ ಹಾಕಿದ ಕೇಂದ್ರದಲ್ಲಿ ಹೇಳುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಜೋಡಣೆಯಾಗಿದೆ ಎನ್ನುತ್ತಾರೆ. ಆದರೂ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ಕೂಡ ಕಾಣುತ್ತಿಲ್ಲ. ತಪ್ಪು ಎಲ್ಲಿದೆ? (ಗೃಹಿಣಿ, ಅರಸೀಕೆರೆ)

ಉತ್ತರ: ತಪ್ಪು ಬಹುಶಃ ‘ಜೋಡಣೆ’ ಎಂಬ ಮಾತಿನಲ್ಲೇ ಇದೆ. ಖಾತೆ ತೆರೆಯುವಾಗ ಗುರುತಿನ ಪುರಾವೆಗೆಂದು ಆಧಾರ್ ಪ್ರತಿ ಕೊಟ್ಟು, ಅದರ ಸಂಖ್ಯೆಯನ್ನು ಬ್ಯಾಂಕು ತನ್ನ ದಾಖಲೆಯಲ್ಲಿ ಬರೆದುಕೊಂಡರೆ ಅದನ್ನೂ ಜೋಡಣೆ ಎನ್ನುತ್ತಾರೆ. ಆದರೆ ಸರ್ಕಾರದ ಹಣ ಬರುವುದಕ್ಕೆ ಅಷ್ಟು ಸಾಲದು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೋಗುವುದು ಖಾತೆಯ ಸಂಖ್ಯೆಯನ್ನು ಹಿಡಿದಲ್ಲ, ಆಧಾರ್ ಸಂಖ್ಯೆಯನ್ನು ಹಿಡಿದು. ಯಾರ ಆಧಾರಿಗೆ ಯಾವ ಬ್ಯಾಂಕು ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐನ ಬಳಿ ಇರುತ್ತದೆ ಮತ್ತು ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕಿಗೆ ಜಾಗ. ಬೇರೊಂದು ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟರೆ ಹಳೆಯ ಬ್ಯಾಂಕಿನ ಹೆಸರು ಹೋಗಿ ಹೊಸದು ಬಂದು ಕೂರುತ್ತದೆ, ಹಣವೂ ಅದರ ಹಿಂದೆಯೇ ಹೋಗುತ್ತದೆ.

ಇದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲೇ. ನನ್ನ ಅತ್ತಿಗೆ ನಾಲ್ಕು ತಿಂಗಳು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ಅಲೆದರು. ಪ್ರತಿ ಸಲವೂ ಆ ಮುದ್ರಣ ಯಂತ್ರ ಕರಕರ ಸದ್ದು ಮಾಡಿ, ಸಂದೇಶ ಶುಲ್ಕ ಕಡಿತವಾದ ಒಂದು ಸಾಲನ್ನು ಅಚ್ಚು ಹಾಕಿ ಹೊರಗೆ ತಳ್ಳುತ್ತಿತ್ತು. ಕೊನೆಗೆ ಊರಿನ ಅಂಗನವಾಡಿ ಕಾರ್ಯಕರ್ತೆ, “ಅಕ್ಕಾ, ಸಿಮ್ ತಗೊಳ್ಳುವಾಗ ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ರಾ?” ಎಂದು ಕೇಳಿದರು. ಒತ್ತಿದ್ದರು. ಸಂತೆಯಲ್ಲಿ ಕೊಡೆ ಬಿಚ್ಚಿಕೊಂಡು ಕೂತಿದ್ದ ಹುಡುಗನೊಬ್ಬ ಸಿಮ್ ಜೊತೆಗೆ ಫೋನಿನಲ್ಲೇ ನಡೆಯುವ ಖಾತೆಯೊಂದನ್ನೂ ತೆರೆದುಕೊಟ್ಟಿದ್ದ. ಅವರಿಗೆ ಇದೆಯೆಂದೇ ಗೊತ್ತಿಲ್ಲದ ಆ ಖಾತೆಯಲ್ಲಿ 8,000 ರೂಪಾಯಿ ತಣ್ಣಗೆ ಕೂತಿತ್ತು.

ಆದ್ದರಿಂದ ನಿಮ್ಮ ಅತ್ತೆಯವರು ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ “ಆಧಾರ್ ಜೋಡಣೆಯಾಗಿದೆಯೇ?” ಎಂದಲ್ಲ, “ನನ್ನ ಆಧಾರ್ ಎನ್‌ಪಿಸಿಐ ಪಟ್ಟಿಯಲ್ಲಿ ಯಾವ ಬ್ಯಾಂಕಿಗೆ ಸೇರಿದೆ?” ಎಂದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೂ ಇದನ್ನು ನೋಡಬಹುದು, ಆದರೆ ಆಧಾರಿಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದ್ದರೆ ಮಾತ್ರ. ಹೆಸರು ಬೇರೆ ಬ್ಯಾಂಕಿನಲ್ಲಿದ್ದರೆ, ನಿಮಗೆ ಬೇಕಾದ ಶಾಖೆಯಲ್ಲಿ ಆಧಾರ್ ಸೀಡಿಂಗಿನ, ಅಂದರೆ ಆ ಪಟ್ಟಿಗೆ ಸೇರಿಸುವ, ಒಪ್ಪಿಗೆ ಪತ್ರ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಎಲ್ಲವೂ ಸರಿಯಿದ್ದರೆ ಪಡಿತರ ಚೀಟಿಯನ್ನು ತೆರೆದು ನೋಡಿ. ಮನೆಯ ಯಜಮಾನಿ ಎಂದು ಅದರಲ್ಲಿ ಇರುವವರ ಹೆಸರಿಗೇ ಹಣ ಬರಬೇಕು, ಆಧಾರಿನಲ್ಲಿರುವ ಹೆಸರಿಗೂ ಅಲ್ಲಿರುವ ಹೆಸರಿಗೂ ಹೊಂದಿಕೆಯಿರಬೇಕು. ಅವರಾಗಲಿ ಅವರ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರೆಂದು ದಾಖಲಾಗಿದ್ದರೂ ಹಣ ನಿಲ್ಲುತ್ತದೆ. ಇಷ್ಟರಲ್ಲೂ ಗಂಟು ಬಿಚ್ಚದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಲಿಖಿತವಾಗಿ ಕೊಡಿ. ಬಾಯಿಮಾತಿನ ದೂರಿಗೆ ಆಯುಸ್ಸು ಕಡಿಮೆ.

ಪ್ರಶ್ನೆ: ನನ್ನ ತಂದೆಗೆ 72 ವರ್ಷ, ಜೀವಮಾನವೆಲ್ಲ ಗಾರೆ ಕೆಲಸ ಮಾಡಿದವರು. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳನ್ನು ಗುರುತಿಸುವುದೇ ಇಲ್ಲ. (ಯುವಕ, ಸಿಂಧನೂರು)

ಉತ್ತರ: ಸಿಮೆಂಟು, ಸುಣ್ಣದಲ್ಲಿ ದುಡಿದ ಕೈಯ ಬೆರಳಗೆರೆಗಳು ಸವೆದಿರುತ್ತವೆ, ಅದು ನಿಮ್ಮ ತಂದೆಯವರ ತಪ್ಪಲ್ಲ. ಚೀಟಿಯಲ್ಲಿ ಹೆಸರಿರುವ ಮನೆಯ ಬೇರೆ ಯಾರಾದರೂ ಬೆರಳು ಕೊಟ್ಟು ಪಡಿತರ ಪಡೆಯಬಹುದು. ಅವರು ಒಂಟಿಯಾಗಿ ವಾಸಿಸುತ್ತಿದ್ದರೆ, ಮೊಬೈಲಿಗೆ ಬರುವ ಒಟಿಪಿ ಅಥವಾ ಬೇರೆ ವಿಧಾನದಿಂದ ಕೊಡುವಂತೆ ತಾಲ್ಲೂಕಿನ ಆಹಾರ ಶಾಖೆಗೆ ಅರ್ಜಿ ಬರೆಯಿರಿ, ಜೊತೆಗೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಿಸಿ. ಯಂತ್ರ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರನ್ನು ಬರಿಗೈಯಲ್ಲಿ ಕಳಿಸುವುದು ನನ್ನ ದೃಷ್ಟಿಯಲ್ಲಿ ತಾಂತ್ರಿಕ ತೊಂದರೆಯಲ್ಲ, ಆಡಳಿತದ ಲೋಪ.

ಪ್ರಶ್ನೆ: ಮಹಿಳೆಯರಿಗೆ ಉಚಿತ ಬಸ್ಸು ಕೊಟ್ಟ ಮೇಲೆ ನಮ್ಮಂತಹ ಹಿರಿಯ ಗಂಡಸರಿಗೆ ಕೂರಲು ಜಾಗವಿಲ್ಲದಂತಾಗಿದೆ. ತೆರಿಗೆ ಕಟ್ಟುವವರ ಹಣದಲ್ಲಿ ಇಂತಹ ಬಿಟ್ಟಿ ಭಾಗ್ಯಗಳು ಬೇಕೇ? ತಮ್ಮ ಅಭಿಪ್ರಾಯವನ್ನು ನೇರವಾಗಿ ತಿಳಿಸಬೇಕು. (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ತಾವು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಮೊದಲನೆಯದಕ್ಕೆ ನಿಯಮದಲ್ಲೇ ಉತ್ತರವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗಲೇ, ಬೆಂಗಳೂರು ಮಹಾನಗರ ಸಾರಿಗೆಯನ್ನು ಬಿಟ್ಟು ಉಳಿದ ಮೂರು ನಿಗಮಗಳ ಬಸ್ಸುಗಳಲ್ಲಿ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಮೀಸಲಿಡಬೇಕೆಂದು ಆದೇಶದಲ್ಲಿ ಹೇಳಲಾಗಿತ್ತು. ನಿರ್ವಾಹಕರಿಗೆ ಅದನ್ನು ನೆನಪಿಸುವ ಹಕ್ಕು ತಮಗಿದೆ. ಕಿಕ್ಕಿರಿದ ಬಸ್ಸಿನಲ್ಲಿ ಆ ಹಕ್ಕನ್ನು ಚಲಾಯಿಸುವುದು ಎಷ್ಟು ಕಷ್ಟವೆಂಬುದನ್ನು ನಾನೂ ಬಲ್ಲೆ. ಎರಡನೆಯದು ನಿಜವಾದ ಪ್ರಶ್ನೆ.

‘ಬಿಟ್ಟಿ’ ಎಂಬ ಪದವನ್ನು ನಾನು ಬಳಸುವುದಿಲ್ಲ. ನಸುಕಿನಲ್ಲಿ ಸುತ್ತಲಿನ ಹಳ್ಳಿಗಳಿಂದ ತಮ್ಮ ಊರಿಗೆ ಬರುವ ಮೊದಲ ಬಸ್ಸನ್ನು ಒಮ್ಮೆ ಗಮನಿಸಿ. ಒದ್ದೆ ಗೋಣಿಬಟ್ಟೆ ಹೊದಿಸಿದ ಹೂವಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡ ಹೆಂಗಸು ಆಧಾರ್ ಕಾರ್ಡು ತೋರಿಸಿ, ನಿರ್ವಾಹಕ ಹರಿದುಕೊಟ್ಟ ಶೂನ್ಯ ಟಿಕೆಟ್ಟನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಹಿಂದೆ ಆಕೆ ಹೋಗಿಬರುವ ಖರ್ಚನ್ನು ಮೊದಲು ಕಳೆದು, ಆಮೇಲೆ ಲಾಭದ ಲೆಕ್ಕ ಹಾಕಬೇಕಿತ್ತು. ಸರ್ಕಾರ ಉಳಿಸಿಕೊಟ್ಟಿರುವುದು ಆ ಕಳೆಯುವ ಲೆಕ್ಕವನ್ನು. ರಾಜಹಂಸದಂತಹ ಐಷಾರಾಮಿ ಬಸ್ಸಿನಲ್ಲಾಗಲಿ, ರಾಜ್ಯದ ಗಡಿ ದಾಟುವ ಪ್ರಯಾಣದಲ್ಲಾಗಲಿ ಇದು ಅನ್ವಯಿಸುವುದಿಲ್ಲ ಎಂಬುದನ್ನೂ ಟೀಕಿಸುವವರು ಮರೆಯುತ್ತಾರೆ.

ಆದರೆ ತಮ್ಮ ಅಸಮಾಧಾನವನ್ನು ಪೂರ್ತಿ ತಳ್ಳಿಹಾಕಲಾರೆ. ಆ ಶೂನ್ಯ ಟಿಕೆಟ್ಟುಗಳ ಮೌಲ್ಯವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ಅದು ತಡವಾದರೆ ಹೊಸ ಬಸ್ಸು ಬರುವುದಿಲ್ಲ, ಹಳೆಯ ಬಸ್ಸಿನ ಟಯರು ಬದಲಾಗುವುದಿಲ್ಲ. 2025ರ ಜನವರಿ 5ರಿಂದ ಟಿಕೆಟ್ ದರವನ್ನು ಶೇ 15ರಷ್ಟು ಏರಿಸಿದಾಗ ಜೇಬಿನಿಂದ ನೇರವಾಗಿ ಕೊಟ್ಟವರು ತಮ್ಮಂತಹ ಗಂಡಸು ಪ್ರಯಾಣಿಕರೇ. ಪ್ರಯಾಣಿಕರ ಸಂಖ್ಯೆ ಏರಿದಷ್ಟೇ ವೇಗದಲ್ಲಿ ಬಸ್ಸುಗಳ ಸಂಖ್ಯೆ ಏರಲಿಲ್ಲ ಎಂಬುದು ನ್ಯಾಯವಾದ ದೂರು. ಅದನ್ನು ಬುಟ್ಟಿಯ ಹೆಂಗಸಿನ ಮೇಲೆ ಹೊರಿಸದೆ ಶಾಸಕರ ಬಳಿಗೆ ಒಯ್ಯಿರಿ. “ನಮ್ಮ ಬಸ್ ಘಟಕಕ್ಕೆ ಈ ಎರಡು ವರ್ಷದಲ್ಲಿ ಎಷ್ಟು ಬಸ್ಸು ಬಂದವು?” ಎಂದು ಸಾರಿಗೆ ನಿಗಮವನ್ನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕೊಟ್ಟು ಕೇಳಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಅರ್ಜಿ ಒಂದೇ ವಿಷಯದ್ದಾಗಿರಲಿ, 150 ಪದ ಮೀರದಿರಲಿ. ನಮ್ಮ ರಾಜ್ಯದ ನಿಯಮ ಹಾಗಿದೆ. ಪ್ರಬಂಧ ತಿದ್ದಿದ ಕೈಗೆ ಅದು ಕಷ್ಟವಾಗಲಾರದು.

ಪ್ರಶ್ನೆ: ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಫಲಕ ತೆಗೆದು “ನಗದು ಮಾತ್ರ” ಎಂದು ಬರೆದಿದ್ದಾರೆ. ಇದು ಕಾನೂನುಬಾಹಿರವಲ್ಲವೇ? (ಉದ್ಯೋಗಿ, ಬೆಂಗಳೂರು)

ಉತ್ತರ: ಅಲ್ಲ. ಬೀದಿಬದಿಯ ಸಣ್ಣ ಅಂಗಡಿ ಯುಪಿಐ ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ಮೇಲೆ ಹುಟ್ಟಿದ ಭಯವಿದು. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆ ಮಿತಿ ನಗದಿಗೂ ಅನ್ವಯಿಸುತ್ತದೆ, ಹಾಗಾಗಿ ಫಲಕ ತೆಗೆದರೆ ತೆರಿಗೆ ತಪ್ಪುತ್ತದೆಂಬುದು ಭ್ರಮೆ. ಆದರೆ ಅಂಗಡಿಯವನಿಗೆ ಬಂದ ಜಮೆಯೆಲ್ಲ ಲಾಭವಲ್ಲ, ಮಗಳ ಮದುವೆಗೆ ಬಾಮೈದ ಕಳಿಸಿದ ಸಾಲವೂ ಅದೇ ಫೋನಿಗೆ ಬಂದಿರುತ್ತದೆ ಎಂಬುದನ್ನು ಗಣಕಯಂತ್ರ ತಾನಾಗಿ ಅರಿಯದು. ನೋಟಿಸಿಗಿಂತ ಮುಂಚೆ ಒಬ್ಬ ಅಧಿಕಾರಿ ಬೀದಿಗೆ ಬಂದು ಒಂದು ಕಾಫಿ ಕುಡಿದು ವಿವರಿಸಿದ್ದರೆ ಇಷ್ಟು ರಂಪವಾಗುತ್ತಿರಲಿಲ್ಲ. ಸದ್ಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ಮತಯಂತ್ರದಲ್ಲಿ ನಾನು ಒತ್ತಿದ ಗುಂಡಿಗೇ ಮತ ಬಿದ್ದಿದೆ ಎಂದು ನನಗೆ ಹೇಗೆ ಖಾತರಿಯಾಗಬೇಕು? (ಮೊದಲ ಬಾರಿ ಮತ ಹಾಕಲಿರುವ ವಿದ್ಯಾರ್ಥಿನಿ, ಕೋಲಾರ)

ಉತ್ತರ: ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನೊಳಗೆ ನೀವು ಆರಿಸಿದ ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆಯಿರುವ ಚೀಟಿ ಏಳು ಸೆಕೆಂಡು ಕಾಣುತ್ತದೆ, ಆಮೇಲೆ ಕತ್ತರಿಸಿ ಒಳಗೆ ಬೀಳುತ್ತದೆ. ಹೆಚ್ಚಿನವರು ಅತ್ತ ನೋಡದೆ ಹೊರಟುಬಿಡುತ್ತಾರೆ. ನೀವು ನಿಂತು ನೋಡಿ. ಚೀಟಿಯಲ್ಲಿ ಬೇರೆ ಹೆಸರು ಬಂದರೆ ಅಲ್ಲೇ ಮತಗಟ್ಟೆ ಅಧಿಕಾರಿಗೆ ದೂರು ಹೇಳಬಹುದು. ಅವರು ನಿಮ್ಮಿಂದ ಲಿಖಿತ ಘೋಷಣೆ ಪಡೆದು, ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರ ಎದುರು ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ಸುಳ್ಳಾದರೆ ಶಿಕ್ಷೆಯುಂಟು, ಆದ್ದರಿಂದ ಅನುಮಾನಕ್ಕೂ ಕಣ್ಣಾರೆ ಕಂಡದ್ದಕ್ಕೂ ಇರುವ ಅಂತರ ನೆನಪಿರಲಿ.

ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ. ಕಾಗದವೇ ಲೇಸು ಎನ್ನುವವರಿಗೆ ಒಂದು ಮಾತು: 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆಯೊಂದನ್ನು ಬಿಟ್ಟು ನಮ್ಮ ರಾಜ್ಯ ಮತಪತ್ರದಲ್ಲೇ ಮತ ಹಾಕಿತ್ತು, ಆಗಲೂ ಎಣಿಕೆಯ ಬಗ್ಗೆ ಜಗಳಗಳಾಗಿದ್ದವು. ನನ್ನ ನಂಬಿಕೆ ಯಂತ್ರದ ಮೇಲೆ ನಿಂತಿಲ್ಲ, ಮತಗಟ್ಟೆಯಲ್ಲಿ ಕೂತಿರುವ ಏಜೆಂಟರ ಮೇಲೆ ನಿಂತಿದೆ. ಮತದಾನಕ್ಕೆ ಮುಂಚೆ ಅವರ ಎದುರು ಕನಿಷ್ಠ 50 ಅಣಕು ಮತ ಹಾಕಿ ಯಂತ್ರವನ್ನು ಪರೀಕ್ಷಿಸುತ್ತಾರೆ; ಸಂಜೆ ಒಟ್ಟು ಎಷ್ಟು ಮತ ಬಿದ್ದಿತೆಂಬ 17ಸಿ ನಮೂನೆಯ ಪ್ರತಿಯನ್ನು ಅವರಿಗೆ ಕೊಡುತ್ತಾರೆ. ಬೆಳಿಗ್ಗೆ ತಡವಾಗಿ ಬಂದು, ಸಂಜೆ ಆ ಹಾಳೆಯನ್ನೂ ಪಡೆಯದೆ ಮನೆಗೆ ಹೋಗುವ ಏಜೆಂಟರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಮತ ಹಾಕುವ ವಯಸ್ಸು ಬಂದ ನೀವು ಮುಂದೊಂದು ದಿನ ಆ ಕುರ್ಚಿಯಲ್ಲಿ ಕೂರಲೂಬಹುದು.

ಪ್ರಶ್ನೆ: ಕುಮಾರ ಪರ್ವತಕ್ಕೆ ಹಿಂದೆ ಮನಸ್ಸು ಬಂದಾಗ ಹೋಗುತ್ತಿದ್ದೆವು. ಈಗ ಆನ್‌ಲೈನ್ ಟಿಕೆಟ್ಟು, ಗುರುತಿನ ಚೀಟಿ, ದಿನದ ಮಿತಿ. ಕಾಡಿಗೆ ಹೋಗಲೂ ಒಟಿಪಿ ಬೇಕೇ? (ಚಾರಣಿಗ, ಹುಬ್ಬಳ್ಳಿ)

ಉತ್ತರ: ಬೇಕಾಗಿ ಬಂದದ್ದು ನಮ್ಮಿಂದಲೇ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಂದೇ ಹೊತ್ತಿಗೆ ಆ ಹಾದಿಯಲ್ಲಿ ಸಾಲುಗಟ್ಟಿದ ಚಿತ್ರಗಳನ್ನು ನೀವೂ ಕಂಡಿರುತ್ತೀರಿ. ಜಾತ್ರೆಯ ತೇರಿನ ಹಿಂದೆಯೂ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಅದಾದ ಮೇಲೆಯೇ ಆನ್‌ಲೈನ್ ಟಿಕೆಟ್ಟಿಲ್ಲದ ಚಾರಣಪಥಗಳನ್ನು ಸರ್ಕಾರ ಮುಚ್ಚಿತು, ಮುಂದೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂತು. 1,712 ಮೀಟರ್ ಎತ್ತರದ ಆ ಬೆಟ್ಟ ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. ಕುಕ್ಕೆಯಿಂದ ಹತ್ತಿದರೆ ನಡುವೆ ಗಿರಿಗದ್ದೆಯ ಭಟ್ಟರ ಮನೆಯನ್ನು ಬಿಟ್ಟರೆ ಊಟಕ್ಕೆ ಬೇರೆ ದಿಕ್ಕಿಲ್ಲ. ಅಲ್ಲಿಂದ ಮೇಲಿನ ಹುಲ್ಲುಗಾವಲು ಒಂದು ಸಾವಿರ ಜೋಡಿ ಬೂಟುಗಳನ್ನು ಒಂದೇ ದಿನ ತಾಳಿಕೊಳ್ಳಲಾರದು. ಮಿತಿ ಸರಿಯಾಗಿದೆ.

ನನ್ನ ತಕರಾರು ಬೇರೆ. ಟಿಕೆಟ್ಟಿಗೆ ಫೋನು ಬಲ್ಲವರಿಗಷ್ಟೇ ದಾರಿ ತೆರೆದಂತಾಗಬಾರದು. ತಪ್ಪಲಿನ ಊರಿನವರಿಗೆ, ವಯಸ್ಸಾದ ಚಾರಣಿಗರಿಗೆ ಕಚೇರಿಯಲ್ಲೇ ಕೊಡುವ ಒಂದಿಷ್ಟು ಚೀಟಿಗಳಿರಬೇಕು. ಬಂದ ಶುಲ್ಕದಲ್ಲಿ ಎಷ್ಟು ಕಾವಲುಗಾರರ ಸಂಬಳಕ್ಕೆ, ಎಷ್ಟು ಹಾದಿಯ ದುರಸ್ತಿಗೆ ಹೋಯಿತೆಂದು ಪ್ರವೇಶದ್ವಾರದ ಫಲಕದಲ್ಲೇ ಬರೆದರೆ ಹಣ ಕೊಡುವವರಿಗೂ ಸಮಾಧಾನ.

ಹೋಗುವವರಿಗೆ ಎರಡು ಮಾತು. ಮೇಲೆ ಸಂಪರ್ಕ ಸಿಗುವುದು ಖಾತರಿಯಿಲ್ಲ, ಆದ್ದರಿಂದ ಟಿಕೆಟ್ಟನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಒಯ್ಯಿರಿ. ಮಳೆಗಾಲದ ಇಂಬಳಕ್ಕೆ ಉಪ್ಪು, ಸುಣ್ಣ ಸಾಕು, ಅದು ರಕ್ತ ಕುಡಿದು ಉದುರಿಹೋಗುತ್ತದೆ. ಮಲೆನಾಡಿನ ಕಾಡಿನಲ್ಲಿ ಹೆದರಬೇಕಾದದ್ದು ಒಣ ತಿಂಗಳುಗಳ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ತುಂಬುತೋಳಿನ ಬಟ್ಟೆ ಹಾಕಿ, ಇಳಿದು ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯೆಲ್ಲ ತಡಕಿ ನೋಡಿ. ವಾರದೊಳಗೆ ಜ್ವರ, ವಿಪರೀತ ತಲೆನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ಕಾಡಿಗೆ ಹೋಗಿದ್ದೆ ಎಂಬುದು.